ಸೈಕಲ್ ಅಂಚೆ: ಮಲೆನಾಡಿನ ಮಳೆಗೆ ಒಂದೇ ಗೇರು ಸಾಕೇ?

ಈ ತಿಂಗಳ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು: ಗೇರೂ ಶಾಕೂ (ಕುಲುಕು ತಡೆಯುವ ಸ್ಪ್ರಿಂಗ್ ಫೋರ್ಕ್) ಇಲ್ಲದ, ದಪ್ಪ ಟೈರಿನ, ಕೈಕೊಡದ ಸೈಕಲ್. ಚಿಕ್ಕಮಗಳೂರಿನ ಬೇಲೂರು ರಸ್ತೆಯಲ್ಲಿ ನಮ್ಮ ತಂದೆ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಕಾಲದಿಂದಲೂ ಗ್ರೀಸ್ ನನ್ನ ಕೈಬಿಟ್ಟಿಲ್ಲ. ನಾನೇ ಓಡಿಸುವುದೂ ಅಂಥದೇ ಸೈಕಲ್. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ಆಲ್ದೂರು ಬಳಿಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ ಹಾಕಲು ಲೈನ್ ಮನೆಗಳಿಂದ ಮೇಲಿನ ಬ್ಲಾಕಿಗೆ, ಸಂಜೆ ಮತ್ತೆ ಅಲ್ಲಿಗೆ, ದಿನಕ್ಕೆ ಹನ್ನೆರಡು ಕಿಲೋಮೀಟರ್ ತೋಟದ ದಾರಿಯಲ್ಲಿ ಓಡಾಟ. 26 ಇಂಚಿನ, ಹಿಂದೆ ಏಳು ಗೇರಿನ, ಮುಂದೆ ಶಾಕ್ ಇರುವ ಸೈಕಲ್ ಇದೆ. ಹೋದ ಮಳೆಗಾಲದಲ್ಲಿ ಗೇರಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ) ಚಕ್ರದ ಕಡ್ಡಿಗೆ ಸಿಕ್ಕಿ ಎರಡು ಸಲ ಮುರಿಯಿತು. ಶಾಕ್ ತುಕ್ಕು ಹಿಡಿದು ಅಲುಗಾಡುತ್ತಿದೆ. ಎಲ್ಲವನ್ನೂ ಕಿತ್ತು ಒಂದೇ ಗೇರಿನ ಗಟ್ಟಿ ಸೈಕಲ್ ಮಾಡಿಕೊಳ್ಳಬಹುದೇ? ಸ್ಪ್ಯಾನರ್ ಹಿಡಿಯಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹಿಂದಿನ ಚಕ್ರದಿಂದ ಶುರು ಮಾಡಿ. ಹೆಚ್ಚಿನವರು ಫ್ರೇಮಿನಿಂದ, ಬಣ್ಣದಿಂದ ಶುರು ಮಾಡುತ್ತಾರೆ. ಒಂದೇ ಗೇರಿನ ಸೈಕಲ್ಲಿನ ಜೀವ ಇರುವುದು ಹಿಂದಿನ ಚಕ್ರದಲ್ಲಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಬೇರೆಲ್ಲ ಹಾಗೇ ಇರಲಿ, ಇದೊಂದನ್ನು ಸರಿಯಾಗಿ ಮಾಡಿಸಿ.

ಏಳು ಗೇರಿನ ಹೆಚ್ಚಿನ ಸೈಕಲ್ಲುಗಳಲ್ಲಿ ಹಲ್ಲುಚಕ್ರಗಳ ಗೊಂಚಲು ಚಕ್ರದ ನಡುವಿನ ಹಬ್ಬಿನ ಮೇಲೆ ಮರೆಯಲ್ಲಿ, ಅಂದರೆ ಸ್ಕ್ರೂವಿಗಿರುವಂಥ ತಿರುಪಿನ ಸುತ್ತುಗಳಲ್ಲಿ, ಕೂತಿರುತ್ತದೆ. ಅದನ್ನು ಬಿಚ್ಚಲು ಒಳಗೆ ಕೂರುವ ಗೀರುಗಳಿರುವ ಟೂಲ್ ಬೇಕು. ಟೂಲನ್ನು ಬೆಂಚ್ ವೈಸಿಗೆ ಕಚ್ಚಿಸಿ, ಚಕ್ರವನ್ನು ಅದರ ಮೇಲೆ ಮಗುಚಿ ಕೂರಿಸಿ, ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಲಾರಿ ಸ್ಟೀರಿಂಗ್ ತಿರುಗಿಸಿದಂತೆ ಎಡಕ್ಕೆ ತಿರುಗಿಸಿ. ಪ್ರತಿ ತುಳಿತಕ್ಕೂ ಮರೆ ಬಿಗಿಯಾಗುತ್ತಲೇ ಬಂದಿರುತ್ತದೆ, ಆದ್ದರಿಂದ ಸುಲಭಕ್ಕೆ ಬಿಡುವುದಿಲ್ಲ. ಹಿಂದಿನ ರಾತ್ರಿಯೇ ಸಂದಿಗೆ ಎಣ್ಣೆ ಬಿಟ್ಟಿರಿ. ಬಿಟ್ಟ ಮೇಲೆ ಅದೇ ಮರೆಗೆ 18 ಹಲ್ಲಿನ ಒಂಟಿ ಫ್ರೀವೀಲ್ (ತುಳಿಯುವುದು ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಹಲ್ಲುಚಕ್ರ) ಕೂರುತ್ತದೆ. ಕೂರಿಸುವ ಮೊದಲು ಮರೆಗೆ ಗ್ರೀಸ್ ಸವರುವುದನ್ನು ಮರೆಯಬೇಡಿ. ಮರೆತರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಶಪಿಸುತ್ತಾರೆ.

ಈಗ ಒಂದು ತೊಡಕು. ಗೊಂಚಲು ಹೋದ ಜಾಗದಲ್ಲಿ ಒಂಟಿ ಫ್ರೀವೀಲ್ ಚಕ್ರದ ಕಡ್ಡಿಗಳಿಗೆ ತೀರಾ ಹತ್ತಿರ ಕೂರುತ್ತದೆ. ಪೆಡಲಿನ ಬಳಿಯ ಹಲ್ಲುಚಕ್ರ, ಅಂದರೆ ಮುಂದಿನ ಚೈನ್‌ವೀಲ್ ಇನ್ನೂ ಹೊರಗಿರುತ್ತದೆ. ಚೈನ್ ಓರೆಯಾಗಿ ಓಡುತ್ತದೆ, ಕಿರುಗುಟ್ಟುತ್ತದೆ, ಏರಿನಲ್ಲಿ ಕಳಚಿ ಬೀಳುತ್ತದೆ. ಇದನ್ನು ಸರಿಪಡಿಸಲು ಆಕ್ಸಲ್ಲಿನ ಬಲಗಡೆ ಇರುವ ವಾಷರುಗಳಲ್ಲಿ ಕೆಲವನ್ನು ಎಡಗಡೆಗೆ ದಾಟಿಸಿ. ಹಬ್ ಬಲಕ್ಕೆ ಸರಿಯುತ್ತದೆ, ಫ್ರೀವೀಲ್ ಹೊರಗೆ ಬರುತ್ತದೆ. ಆಗ ರಿಮ್ ಕೂಡ ಬಲಕ್ಕೆ ಸರಿದಿರುತ್ತದಲ್ಲ, ಅದನ್ನು ನಡುವಿಗೆ ತರಬೇಕು: ಎಡಗಡೆಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿ ಮಾಡಿ, ಬಲಗಡೆಯವನ್ನು ಕಾಲು ಸುತ್ತು ಸಡಿಲಿಸಿ, ಹೀಗೆ ಸುತ್ತು ಸುತ್ತಾಗಿ. ಅವಸರ ಮಾಡಿದರೆ ರಿಮ್ ಹಪ್ಪಳವಾಗುತ್ತದೆ.

ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಗೇರ್ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಬಲಗಡೆಯ ಕಡ್ಡಿಗಳು ಬಿಲ್ಲಿನ ಹೆದೆಯಂತೆ ಬಿಗಿಯಾಗಿ, ಎಡಗಡೆಯವು ಸಡಿಲವಾಗಿ ಇರುತ್ತವೆ, ಏಕೆಂದರೆ ಗೊಂಚಲಿಗೆ ಜಾಗ ಬಿಡಲು ಹಬ್ಬಿನಲ್ಲಿ ಕಡ್ಡಿಗಳು ಕೂರುವ ಬಲಗಿವಿಯನ್ನು ಒಳಕ್ಕೆ ತಳ್ಳಿರುತ್ತಾರೆ. ವಾಷರ್ ದಾಟಿಸಿದ ಮೇಲೆ ಎರಡೂ ಕಡೆಯ ಎಳೆತ ಸಮಕ್ಕೆ ಬರುತ್ತದೆ. ಉಗುರಿನಿಂದ ಮೀಟಿ ನೋಡಿ. ಮೊದಲು ಎಡಕ್ಕೊಂದು ಬಲಕ್ಕೊಂದು ಸ್ವರ ಬರುತ್ತಿದ್ದದ್ದು, ಕೆಲಸ ಮುಗಿದಾಗ ಎರಡೂ ಹತ್ತಿರ ಹತ್ತಿರ ಬಂದಿರುತ್ತವೆ. ಗೇರ್ ತೆಗೆದದ್ದರಿಂದ ಚಕ್ರವೇ ಗಟ್ಟಿಯಾಯಿತು ಎಂದು ಕೈಗೆ ಗೊತ್ತಾಗುವ ಗಳಿಗೆ ಅದು.

ಚೈನ್ ನೇರ ಇದೆಯೇ ಎಂದು ನೋಡಲು ಯಾವ ಯಂತ್ರವೂ ಬೇಡ. ಚೈನ್‌ವೀಲಿನ ಮೈಗೆ ನೈಲಾನ್ ದಾರ ಹಿಡಿದು ಫ್ರೀವೀಲಿನವರೆಗೆ ಎಳೆಯಿರಿ. ಎರಡು ಮಿಲಿಮೀಟರ್ ವ್ಯತ್ಯಾಸ ಪರವಾಗಿಲ್ಲ. ಐದಿದ್ದರೆ ಮತ್ತೆ ವಾಷರ್ ಬದಲಿಸಿ.

ಮುಂದುಗಡೆ ನಿಮ್ಮದರಲ್ಲಿ ಮೂರು ಚೈನ್‌ವೀಲ್ ಇರಬಹುದು. ನಡುವಿನದು ಸಾಮಾನ್ಯವಾಗಿ 32 ಅಥವಾ 34 ಹಲ್ಲಿನದು, ಅದೇ ಸಾಕು. ಆದರೆ ಅಗ್ಗದ ಕ್ರ್ಯಾಂಕುಗಳಲ್ಲಿ (ಪೆಡಲ್ ಹಿಡಿದಿರುವ ತೋಳು) ಮೂರನ್ನೂ ರಿವೆಟ್ ಹೊಡೆದು ಸೇರಿಸಿರುತ್ತಾರೆ, ಬಿಚ್ಚಲಾಗದು. ಹಾಗಿದ್ದರೆ ಒಂದೇ ಚೈನ್‌ವೀಲಿನ ಕ್ರ್ಯಾಂಕ್ ಹಾಕಿಸಿ. ಗೇರ್ ದಾಟಿಸಲೆಂದು ಅಲ್ಲಲ್ಲಿ ತಗ್ಗಿಸಿದ ಹಲ್ಲುಗಳಿಗಿಂತ ಎಲ್ಲ ಹಲ್ಲೂ ಒಂದೇ ಎತ್ತರ ಇರುವುದು ಚೈನನ್ನು ಚೆನ್ನಾಗಿ ಹಿಡಿಯುತ್ತದೆ. ಆಗಲೇ ಬಾಟಮ್ ಬ್ರ್ಯಾಕೆಟ್ಟಿನ (ಕ್ರ್ಯಾಂಕಿನ ಅಚ್ಚು ತಿರುಗುವ ಜಾಗದ) ಬಿಡಿ ಗುಂಡುಗಳನ್ನು ತೆಗೆದು ಮುಚ್ಚಿದ ಬೇರಿಂಗ್ ಕಾರ್ಟ್ರಿಜ್ ಕೂರಿಸಿ. ಅದರ ಬಲಗಡೆಯ ಬಟ್ಟಲಿನ (ಕಪ್) ಮರೆ ಉಲ್ಟಾ ಎನ್ನುವುದು ನೆನಪಿರಲಿ, ಎಡಗಡೆಯ ಪೆಡಲಿನದೂ ಅಷ್ಟೇ.

ಚೈನಿನ ಬಿಗಿಗೆ ಬರೋಣ. ಇದರಲ್ಲಿ ರಾಜಿ ಬೇಡ. ಕೈಮರದಿಂದ ಅತ್ತಿಗುಂಡಿಯ ಕಡೆ ಹತ್ತುವಾಗ ಒಮ್ಮೆ ಎದ್ದು ನಿಂತು ತುಳಿದೆ. ಬಲಗಡೆಯ ನಟ್ ಸಾಕಷ್ಟು ಬಿಗಿ ಇರಲಿಲ್ಲ. ಆಕ್ಸಲ್ ಸೀಳಿನಲ್ಲಿ ಮುಂದಕ್ಕೆ ಜಾರಿತು, ಚೈನ್ ಕಳಚಿತು, ಕಾಲು ಗಾಳಿಯನ್ನು ತುಳಿಯಿತು, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ಆ ಗುರುತು ಇನ್ನೂ ಇದೆ. ಅಂದಿನಿಂದ ಒಂಟಿ ಗೇರಿನ ಹಿಂದಿನ ಚಕ್ರಕ್ಕೆ ಲಿವರ್ ಒತ್ತಿ ಬಿಗಿಯುವ ಕ್ವಿಕ್ ರಿಲೀಸ್ ಆಕ್ಸಲ್ ಹಾಕಿಕೊಡುವುದಿಲ್ಲ. 15 ನಂಬರ್ ಸ್ಪ್ಯಾನರ್ ಕೂರುವ ನಟ್ಟೇ ಇರಲಿ, ಆ ಸ್ಪ್ಯಾನರ್ ಸೀಟಿನ ಕೆಳಗಿನ ಚೀಲದಲ್ಲಿರಲಿ.

ಆಕ್ಸಲ್ ಕೂರುವ ಸೀಳು ಅಡ್ಡಕ್ಕಿದ್ದರೆ ಚಕ್ರವನ್ನು ಹಿಂದಕ್ಕೆ ಎಳೆದು ಚೈನ್ ಬಿಗಿಯಬಹುದು. ಗೇರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಸೀಳು ಕೆಳಮುಖವಾಗಿರುತ್ತದೆ, ಚಕ್ರ ಹಿಂದೆ ಮುಂದೆ ಸರಿಯುವುದಿಲ್ಲ. ಆಗ ಎರಡು ದಾರಿ. ಅದೃಷ್ಟವಿದ್ದರೆ ಹಲ್ಲಿನ ಲೆಕ್ಕ ಹೊಂದಿಬರುತ್ತದೆ: ಫ್ರೀವೀಲಿನಲ್ಲಿ ಒಂದು ಹಲ್ಲು ಹೆಚ್ಚಿಸಿದರೆ ಆಕ್ಸಲ್ ಸುಮಾರು 3 ಮಿಲಿಮೀಟರ್ ಹಿಂದೆ ಸರಿಸಿದಷ್ಟೇ ಪರಿಣಾಮ. 17, 18, 19 ಮೂರನ್ನೂ ಹಾಕಿ ನೋಡಿ, ಅರ್ಧ ಕೊಂಡಿಯ ಲಿಂಕ್ ಒಂದನ್ನು ಸೇರಿಸಿ ನೋಡಿ. ಹೊಂದದಿದ್ದರೆ ಚೈನ್ ಟೆನ್ಷನರ್ ಹಾಕಲೇಬೇಕು. ಚೈನನ್ನು ಕೆಳಗೆ ಎಳೆಯುವುದಕ್ಕಿಂತ ಮೇಲಕ್ಕೆ ಒತ್ತುವ ಟೆನ್ಷನರ್ ಒಳ್ಳೆಯದು, ಫ್ರೀವೀಲಿನ ಸುತ್ತ ಚೈನ್ ಇನ್ನೂ ಒಂದೆರಡು ಹಲ್ಲನ್ನು ಹೆಚ್ಚಾಗಿ ತಬ್ಬುತ್ತದೆ. ಹಳೆಯ ಡಿರೇಲರನ್ನೇ ಕೇಬಲ್ ಕಿತ್ತು, ಅದರ ಸ್ಕ್ರೂ ತಿರುಗಿಸಿ ಒಂದೇ ಕಡೆ ನಿಲ್ಲಿಸಿ ಟೆನ್ಷನರಿನಂತೆ ಬಳಸುವವರೂ ಇದ್ದಾರೆ. ಕೆಲಸ ನಡೆಯುತ್ತದೆ. ಆದರೆ ನಿಮ್ಮ ತೋಟದಲ್ಲಿ ಎರಡು ಸಲ ಮುರಿದದ್ದು ಅದೇ ತಾನೇ? ಮತ್ತೆ ಅದನ್ನೇ ನೇತುಹಾಕಿಕೊಂಡು ಓಡಾಡಬೇಡಿ.

ಬಿಗಿ ಎಷ್ಟಿರಬೇಕು? ಕೆಳಗಿನ ಚೈನಿನ ನಟ್ಟನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಒಟ್ಟು ಒಂದರಿಂದ ಒಂದೂವರೆ ಸೆಂಟಿಮೀಟರ್ ಆಡಬೇಕು. ಹಾಗೆ ಬೆರಳಿಟ್ಟುಕೊಂಡೇ ಪೆಡಲನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಜೋತುಬೀಳುವುದನ್ನು ಕಾಣುತ್ತೀರಿ. ಯಾವ ಚೈನ್‌ವೀಲೂ ಪೂರ್ತಿ ದುಂಡಾಗಿ ಕೂತಿರುವುದಿಲ್ಲ. ಅತಿ ಬಿಗಿಯಾದ ಜಾಗದಲ್ಲಿ ಚೈನ್‌ವೀಲಿನ ಬೋಲ್ಟುಗಳನ್ನು ತುಸು ಸಡಿಲಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಚೈನಿನ ಮೇಲೆ ಮೆಲ್ಲನೆ ತಟ್ಟಿ, ಮತ್ತೆ ಬಿಗಿ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ವ್ಯತ್ಯಾಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೊನೆಗೆ ಬಿಗಿಯನ್ನು ಹೊಂದಿಸುವುದು ಯಾವಾಗಲೂ ಅತಿ ಬಿಗಿಯಾದ ಜಾಗದಲ್ಲೇ. ಸಡಿಲ ಜಾಗದಲ್ಲಿ ಹೊಂದಿಸಿದರೆ ಬಿಗಿ ಜಾಗದಲ್ಲಿ ಬೇರಿಂಗ್ ನರಳುತ್ತದೆ.

ಶಾಕಿನ ಬದಲು ಗಟ್ಟಿ ಫೋರ್ಕ್ ಹಾಕುವ ನಿಮ್ಮ ಯೋಚನೆ ಸರಿಯಾದದ್ದೇ, ಆದರೆ ಕೈಗೆ ಸಿಕ್ಕ ಫೋರ್ಕ್ ತರಬೇಡಿ. ಹಳೆಯ ಫೋರ್ಕಿನ ಆಕ್ಸಲಿನಿಂದ ಮೇಲೆ ಬೇರಿಂಗ್ ಕೂರುವ ಜಾಗದವರೆಗೆ ಅಳತೆ ತೆಗೆಯಿರಿ. ಶಾಕ್ ಫೋರ್ಕ್ ಉದ್ದವಾಗಿರುತ್ತದೆ, ನೀವು ಕೂತಾಗ ಒಂದೆರಡು ಸೆಂಟಿಮೀಟರ್ ಕುಗ್ಗುತ್ತದೆ. ಕುಗ್ಗಿದ ಅಳತೆಗೆ ಹತ್ತಿರವಿರುವ ಗಟ್ಟಿ ಫೋರ್ಕ್ ಬೇಕು. ಆರೇಳು ಸೆಂಟಿಮೀಟರ್ ಗಿಡ್ಡವಾದದ್ದನ್ನು ಹಾಕಿದರೆ ಸೈಕಲ್ ಮೂಗು ತಗ್ಗಿಸುತ್ತದೆ, ಇಳಿಜಾರಿನಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ, ಪೆಡಲ್ ಕಾಫಿಗಿಡದ ಬೇರಿಗೆ ತಾಗುತ್ತದೆ. ಫೋರ್ಕಿನ ಮೇಲಿನ ಕೊಳವೆ 28.6 ಮಿಲಿಮೀಟರ್ ದಪ್ಪದ್ದೇ ಎಂದೂ ಅಳೆದು ನೋಡಿ. ಉಕ್ಕಿನದೇ ತೆಗೆದುಕೊಳ್ಳಿ.

ಶಾಕ್ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದಿನ ಟೈರ್ ಮಾಡಬೇಕು. ಫೋರ್ಕಿನ ನಡುವೆ ಹಿಡಿಸುವಷ್ಟು ದಪ್ಪದ್ದು, 2.3 ಇಂಚಿನ ಆಸುಪಾಸಿನದು ಹಾಕಿ. ಗಾಳಿಯನ್ನು ಕಲ್ಲಿನಂತೆ ತುಂಬಿಸಬೇಡಿ. ನೀವು ಎಪ್ಪತ್ತು ಕಿಲೋ ಇದ್ದರೆ ಮುಂದೆ 26, ಹಿಂದೆ 30 ಪೌಂಡಿನಿಂದ ಶುರು ಮಾಡಿ. ಟ್ಯೂಬಿನಲ್ಲಿ ಜೋಡಿ ತೂತು ಕಾಣಿಸಿದರೆ ಗಾಳಿ ಕಡಿಮೆಯಾಗಿ ರಿಮ್ ಟ್ಯೂಬನ್ನು ಕಲ್ಲಿಗೆ ಕಚ್ಚಿಸಿದೆ ಎಂದರ್ಥ, ಮೂರು ಪೌಂಡ್ ಏರಿಸಿ. ಸ್ಕೂಟರಿನ ಟ್ಯೂಬಿಗಿರುವಂಥ ದಪ್ಪ ವಾಲ್ವಿನ ಟ್ಯೂಬ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ.

ಮಳೆಗಾಲಕ್ಕೆ ಒಂದೇ ಮಾತು. ಆರಿದ್ರೆ ಮಳೆ ಹಿಡಿದ ಮೇಲೆ ಸೀಟಿನ ಕೊಳವೆಯಿಂದ ಫ್ರೇಮಿನೊಳಗೆ ನೀರು ಇಳಿಯುತ್ತದೆ. ನಮ್ಮ ತಂದೆ ಒಮ್ಮೆ ಸೈಕಲೊಂದನ್ನು ಮಗುಚಿದಾಗ ಒಂದು ಲೋಟ ಕೆಂಪು ನೀರು ಸುರಿದದ್ದನ್ನು ನಾನೇ ನೋಡಿದ್ದೇನೆ. ತಿಂಗಳಿಗೊಮ್ಮೆ ಸೀಟ್ ಪೋಸ್ಟ್ ಕಿತ್ತು ಸೈಕಲನ್ನು ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸಿ, ಬೆಳಿಗ್ಗೆ ಪೋಸ್ಟಿಗೆ ಗ್ರೀಸ್ ಸವರಿ ಕೂರಿಸಿ. ಇನ್ನೊಂದು ಮಾತು, ಇದು ಸೈಕಲ್ಲಿನದಲ್ಲ: ನಿಮ್ಮ ಕಡೆ ಆನೆ ಸುಳಿದಾಡುವ ಸುದ್ದಿ ಬಂದ ದಿನ ಬೆಳಕು ಪೂರ್ತಿ ಹರಿಯುವ ಮೊದಲು ಹೊರಡಬೇಡಿ, ಹಾಜರಿ ಅರ್ಧ ಗಂಟೆ ಕಾಯಲಿ.

ಪ್ರಶ್ನೆ: ನಾನು ಹಾಸನದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿ. 29 ಇಂಚಿನ ಚಕ್ರದ, ಒಂಬತ್ತು ಗೇರಿನ ಕ್ಯಾಸೆಟ್ (ಹಬ್ಬಿನ ಏಣುಗಳ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಇರುವ ಸೈಕಲ್ ಇದೆ. ಒಂಟಿ ಗೇರ್ ಮಾಡಿಕೊಂಡು ಗೆಳೆಯರೊಂದಿಗೆ ಭಾನುವಾರಗಳಂದು ಸಕಲೇಶಪುರಕ್ಕೆ ಹೋಗಬೇಕೆಂದಿದ್ದೇನೆ. ಎಷ್ಟು ಹಲ್ಲಿನದು ಹಾಕಲಿ?

ಉತ್ತರ: ಮೊದಲು ಲೆಕ್ಕ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ಚಕ್ರದ ಇಂಚಿನಿಂದ ಗುಣಿಸಿ. ಬಂದ ಅಂಕಿ ಹೆಚ್ಚಿದಷ್ಟೂ ತುಳಿತ ಭಾರ. ನಮ್ಮ ತಂದೆಯ ಹಳೆಯ ಬಾಡಿಗೆ ಸೈಕಲ್ಲಿನಲ್ಲಿ 44ಕ್ಕೆ 18, ಚಕ್ರ 28 ಇಂಚು: ಸುಮಾರು 68. ಅದು ಊರ ಬೀದಿಗೆ ಸರಿ, ಬೆಟ್ಟಕ್ಕೆ ಭಾರ. ಮೇಲಿನ ಪತ್ರದ ರೈಟರಿಗೆ ಹೇಳಿದ 32ಕ್ಕೆ 18, 26 ಇಂಚಿಗೆ 46. ಪೆಡಲಿನ ಒಂದು ಸುತ್ತಿಗೆ ಸೈಕಲ್ 3.7 ಮೀಟರ್ ಹೋಗುತ್ತದೆ. ಅದೇ ಹಲ್ಲುಗಳು ನಿಮ್ಮ 29 ಇಂಚಿಗೆ 51 ದಾಟುತ್ತವೆ, ಒಂದು ಸುತ್ತಿಗೆ 4.1 ಮೀಟರ್. ನಿಮಿಷಕ್ಕೆ ಎಂಬತ್ತು ಸುತ್ತು ತುಳಿದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ತುಸು ಕಡಿಮೆ. ಸಕಲೇಶಪುರದ ಆಚೀಚೆಯ ತೋಟದ ದಾರಿಗಳಿಗೆ ಇದು ಹೊಂದುತ್ತದೆ, ತೀರಾ ಕಡಿದಾದ ಏರುಗಳಿಗೆ ಹಿಂದೆ 20 ಹಲ್ಲು ಇಟ್ಟುಕೊಳ್ಳಿ.

ಆದರೆ ನಿಮ್ಮ ಗೆಳೆಯರಿಗೆಲ್ಲ ಗೇರ್ ಇದ್ದು ಹಾಸನದಿಂದಲೇ ಹೆದ್ದಾರಿಯಲ್ಲಿ ತುಳಿದು ಹೋಗುವುದಾದರೆ ಈ ಕೆಲಸ ಮಾಡಬೇಡಿ. ಸಮತಟ್ಟಿನಲ್ಲಿ ಅವರು ಇಪ್ಪತ್ತೆಂಟರಲ್ಲಿ ಹೋಗುವಾಗ ನಿಮ್ಮ ಕಾಲು ಹೊಲಿಗೆ ಯಂತ್ರದಂತೆ ಓಡುತ್ತಿರುತ್ತದೆ. ಹೆದ್ದಾರಿ ಓಡಾಟಕ್ಕೆ ಗೇರ್ ಬೇಕು. ಸೈಕಲನ್ನು ರೈಲಿನಲ್ಲೋ ವಾಹನದಲ್ಲೋ ಒಯ್ದು ಅಲ್ಲಿ ತೋಟದ ದಾರಿಯಲ್ಲೇ ತುಳಿಯುವುದಾದರೆ ಸಂತೋಷದಿಂದ ಮಾಡಿ.

ನಿಮ್ಮ ಕ್ಯಾಸೆಟ್ ಹಬ್ಬಿನಲ್ಲಿ ಕೆಲಸ ಸುಲಭ. ಗೊಂಚಲು ತೆಗೆದು, ಒಂದು ಹಲ್ಲುಚಕ್ರ, ಅದರ ಎರಡೂ ಕಡೆ ಬಳೆಯಂಥ ಸ್ಪೇಸರುಗಳು, ಮೇಲೆ ಬೀಗದ ರಿಂಗ್, ಅಷ್ಟೇ. ಸ್ಪೇಸರುಗಳನ್ನು ಆಚೀಚೆ ಬದಲಿಸಿ ಚೈನನ್ನು ನೇರ ಮಾಡಿಕೊಳ್ಳಬಹುದು, ಚಕ್ರ ಬಿಚ್ಚಿ ಕಡ್ಡಿ ತಿರುಗಿಸುವ ಕಷ್ಟವಿಲ್ಲ. ಹಳೆಯ ಕ್ಯಾಸೆಟ್ಟಿನಿಂದ ಕಿತ್ತ ತೆಳು ಹಲ್ಲುಚಕ್ರ ಮಾತ್ರ ಬೇಡ. ಒಂಟಿ ಗೇರಿನಲ್ಲಿ ಎಲ್ಲ ಬಲವೂ ಅದೊಂದರ ಮೇಲೆ ಬಿದ್ದು, ಅಲ್ಯೂಮಿನಿಯಂ ಹಬ್ಬಿನ ಏಣುಗಳನ್ನು ಅದು ಚಾಕುವಿನಂತೆ ಕಚ್ಚುತ್ತದೆ. ಬುಡ ಅಗಲವಾಗಿರುವುದನ್ನೇ ಕೇಳಿ.

ಪ್ರಶ್ನೆ: ಬೇಲೂರಿನಲ್ಲಿ ಉಪನ್ಯಾಸಕ. ಗೇರೇ ಇಲ್ಲದಿದ್ದನ್ನು ಮೌಂಟನ್ ಬೈಕ್ ಎಂದು ಕರೆಯುವುದು ಸರಿಯೇ? ನನ್ನ ಮಗನೊಡನೆ ವಾದ ನಡೆದಿದೆ. ಮನೆಯಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಕೊಟ್ಟಿದ್ದ ಸೈಕಲ್ ಬಿದ್ದಿದೆ, ಅದರ ಭಾಗಗಳನ್ನು ಇಂಥದಕ್ಕೆ ಬಳಸಬಹುದೇ?

ಉತ್ತರ: ವಾದದಲ್ಲಿ ನೀವು ಮಗನ ಕಡೆ ಇದ್ದೀರೋ ಎದುರು ಇದ್ದೀರೋ ಬರೆದಿಲ್ಲ ಸರ್. ಆದರೆ ಮೌಂಟನ್ ಬೈಕ್ ಹುಟ್ಟಿದ್ದೇ ಗೇರಿಲ್ಲದ ಸೈಕಲ್ಲುಗಳಿಂದ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಅಲ್ಲಿ ನಡೆದ ಪಂದ್ಯಕ್ಕೆ ರೀಪ್ಯಾಕ್ ಎಂದು ಹೆಸರು. ಆ ಸೈಕಲ್ಲುಗಳ ಬ್ರೇಕ್ ಹಿಂದಿನ ಹಬ್ಬಿನೊಳಗೇ ಇರುತ್ತಿತ್ತು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದು. ಇಳಿಜಾರಿನ ಬಿಸಿಗೆ ಹಬ್ಬಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಕೆಳಗೆ ತಲುಪಿದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಹಾಗೆ ಮತ್ತೆ ತುಂಬುವುದೇ ಆ ಹೆಸರಿನ ಅರ್ಥ. ಗೇರುಗಳು ಮೆಲ್ಲಮೆಲ್ಲನೆ ಆಮೇಲೆ ಸೇರಿಕೊಂಡವು.

ಸರ್ಕಾರದ ಸೈಕಲ್ಲಿನಿಂದ ಫ್ರೀವೀಲ್ ಬಳಸಬಹುದು. ಅದರ ಮರೆ 1.37 ಇಂಚು, ಇಂಚಿಗೆ 24 ಸುತ್ತು, ಗೇರ್ ಸೈಕಲ್ಲಿನ ಮರೆಹಬ್ಬಿಗೂ ಅದೇ. ತಿರುಗಿಸಿ ಕಿವಿಗೊಡಿ, ಕಟಕಟ ಸದ್ದು ಸಮವಾಗಿದ್ದರೆ ಒಳ್ಳೆಯದಿದೆ, ನಡುವೆ ನುಂಗಿದರೆ ಬೇಡ. ಕಾಟರ್ ಪಿನ್ ಹೊಡೆದ ಕ್ರ್ಯಾಂಕ್ ಬೇಡ. ಚಕ್ರ, ಟೈರುಗಳಂತೂ ಬೇಡವೇ ಬೇಡ. 26 ಎಂದು ಬರೆದದ್ದನ್ನೆಲ್ಲ ಒಂದೇ ಎಂದುಕೊಂಡು ಟೈರ್ ಕೊಂಡು ಬಂದವರು ನನ್ನ ಅಂಗಡಿಗೆ ವರ್ಷಕ್ಕೆ ಹತ್ತು ಜನರಾದರೂ ಬರುತ್ತಾರೆ. 26 × 1⅜ ಎಂದಿದ್ದರೆ ರಿಮ್ಮಿನ ಅಳತೆ 590 ಮಿಲಿಮೀಟರ್, 26 × 2.1 ಎಂದಿದ್ದರೆ 559. ಮೂರು ಸೆಂಟಿಮೀಟರ್ ವ್ಯತ್ಯಾಸ. ಟೈರಿನ ಪಕ್ಕದಲ್ಲಿ ಸಣ್ಣಗೆ ಕೆತ್ತಿರುವ ಮಿಲಿಮೀಟರ್ ಅಂಕಿಯನ್ನೇ ನೋಡಿ ಕೊಳ್ಳಿ.

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು, ಒಂಟಿ ಗೇರಿನ ಸೈಕಲ್ ಮಾಡಿಸಿಕೊಂಡು ಆರು ತಿಂಗಳಾಯಿತು. ಹತ್ತುವುದು ಅಭ್ಯಾಸವಾಗಿದೆ. ಮುಳ್ಳಯ್ಯನಗಿರಿಯ ಕಡೆಯಿಂದ ಇಳಿಯುವಾಗ ಮಳೆಯಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಡಿಸ್ಕ್ ಹಾಕಿಸಲೇ?

ಉತ್ತರ: ಆರು ತಿಂಗಳಲ್ಲಿ ಆ ಏರು ಅಭ್ಯಾಸವಾಯಿತೆಂದರೆ ನಿಮಗೆ ಶಹಬ್ಬಾಸ್. ನಿಮ್ಮ ಫ್ರೇಮ್ ಮತ್ತು ಫೋರ್ಕ್ ಎರಡರಲ್ಲೂ ಡಿಸ್ಕ್ ಬ್ರೇಕಿನ ಕಿವಿಗಳಿದ್ದರೆ, ಹಬ್ಬುಗಳೂ ಅದಕ್ಕೆ ಹೊಂದುವಂಥವಾಗಿದ್ದರೆ, ಕೇಬಲ್ಲಿನ ಡಿಸ್ಕ್ ಹಾಕಿಸಿ. ಎಣ್ಣೆಯದು ಇನ್ನೂ ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಕೇಬಲ್ ತುಂಡಾದರೆ ಯಾವ ಊರಿನಲ್ಲಾದರೂ ಬದಲಿಸಿಕೊಳ್ಳಬಹುದು. ಕಿವಿಗಳಿಲ್ಲದಿದ್ದರೆ ವೆಲ್ಡ್ ಮಾಡಿಸಬೇಡಿ, ಫೋರ್ಕಿಗಂತೂ ಖಂಡಿತ ಬೇಡ.

ಅದಕ್ಕೂ ಮೊದಲು ನಿಮ್ಮ ರಿಮ್ ಯಾವುದೆಂದು ನೋಡಿ. ಕ್ರೋಮ್ ಹೊಳಪಿನ ಉಕ್ಕಿನ ರಿಮ್ ಆಗಿದ್ದರೆ ಒದ್ದೆಯಾದಾಗ ಯಾವ ರಬ್ಬರೂ ಹಿಡಿಯದು. ಮುಂದಿನದನ್ನಾದರೂ ಅಲ್ಯೂಮಿನಿಯಂ ಮಾಡಿಸಿ. ಈಗಾಗಲೇ ಅಲ್ಯೂಮಿನಿಯಂ ಇದ್ದರೆ ರಿಮ್ಮಿನ ಬದಿಗೆ ಸ್ಟೀಲ್ ಸ್ಕೇಲಿನ ಅಂಚನ್ನು ಒತ್ತಿ ಹಿಡಿಯಿರಿ. ನಡುವೆ ಬೆಳಕು ಕಂಡರೆ ನಮ್ಮ ಕೆಂಪು ಮಣ್ಣು ರಿಮ್ಮನ್ನು ತಿಂದು ಗುಳಿ ಮಾಡಿದೆ. ಗುಳಿ ಆಳವಾಗಿದ್ದರೆ ರಿಮ್ ಒಂದು ದಿನ ಇಳಿಜಾರಿನಲ್ಲೇ ಸೀಳುತ್ತದೆ, ಬದಲಿಸಲು ಮುಂದಿನ ತಿಂಗಳಿನವರೆಗೆ ಕಾಯಬೇಡಿ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ. ತಿರುವಿಗೆ ಬಹಳ ಮುಂಚೆಯೇ ಲಘುವಾಗಿ ಒತ್ತಿದರೆ ರಬ್ಬರ್ ರಿಮ್ಮಿನ ನೀರನ್ನು ಒರೆಸುತ್ತದೆ. ಒಂದೆರಡು ಸುತ್ತು ಕಳೆದ ಮೇಲೆ ನಿಜವಾದ ಹಿಡಿತ ಸಿಗುತ್ತದೆ. ಪ್ರತಿ ಸಲ ಮನೆಗೆ ಬಂದ ಮೇಲೆ ಬ್ರೇಕ್ ಶೂ ಬಿಚ್ಚಿ, ರಬ್ಬರಿನಲ್ಲಿ ಹೂತಿರುವ ಮರಳು ಮತ್ತು ಹೊಳೆಯುವ ಲೋಹದ ಚೂರುಗಳನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ. ಉಪ್ಪುಕಾಗದದಿಂದ ಎರಡು ಸಲ ಉಜ್ಜಿ ಮತ್ತೆ ಕೂರಿಸಿ.